ಕಿಟಕಿ ಕೆಳಗಿನ ಅರ್ಧ ಜಾಗ

ಅವರ ಮನೆಗೆ ಯಾರೇ ಹೋಗಲಿ, ಹೇಗಿದ್ದೀರಿ ಅನ್ನುವುದಕ್ಕೂ ಮೊದಲು ಅವರು ಕೇಳುತ್ತಿದ್ದದ್ದು "ಎಲ್ಲಿ ಕೂತ್ಕೋತೀರಿ?" ಎಂದು. ಇಲ್ಲಿ ಕೂತ್ಕೊಳ್ಳಿ ಎಂದು ಒಂದು ಕುರ್ಚಿ ತೋರಿಸಿದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಹಿಂದೂಪುರದ ಆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೇ ಸೋಫಾ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ನವಾರಿನ ಮಂಚ, ಸುತ್ತಿ ಗೋಡೆಗೆ ಒರಗಿಸಿಟ್ಟ ಒಂದು ಚಾಪೆ. ಬಂದವರು ಆ ಪ್ರಶ್ನೆಗೆ ತಬ್ಬಿಬ್ಬಾಗಿ ನಿಲ್ಲುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನೊಬ್ಬ ನಾನು ಕೂರೋಕೆ ಬಂದಿಲ್ಲ ಮೇಡಂ, ಹೋಗಬೇಕು ಎಂದಿದ್ದಕ್ಕೆ, ಹೋಗುವೆಯಂತೆ, ಎಲ್ಲಿ ಕೂತು ಹೋಗ್ತೀಯ ಹೇಳು ಎಂದಿದ್ದರಂತೆ. ಅವರ ಮೊಮ್ಮಕ್ಕಳು ಅಜ್ಜಿಯನ್ನು ಅಣಕಿಸುತ್ತಿದ್ದದ್ದೂ ಇದೇ ಮಾತಿನಿಂದ. ಮನೆಯವರಿಗೆಲ್ಲ ಅದೊಂದು ತಮಾಷೆ. ನನಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ಹೋಗಿಬಿಟ್ಟರು. ಹೆಸರು ಬರೆಯುವುದಿಲ್ಲ. ನಮ್ಮೂರಿನಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಟೀಚರಮ್ಮ. ನಾನೂ ಅಷ್ಟೇ ಬರೆಯುತ್ತೇನೆ.

ನಮ್ಮೂರು ಗಡಿಯಾಚೆ, ಕುಂದುರ್ಪಿ ಕಡೆಯದು. ಮನೆ ಮಾತು ಕನ್ನಡ, ಸಂತೆಯಲ್ಲೂ ಆಫೀಸಿನಲ್ಲೂ ತೆಲುಗು, ಶಾಲೆ ಕನ್ನಡದ್ದು. ಒಂದೇ ಕೋಣೆ, ಐದೂ ಕ್ಲಾಸು ಅದರಲ್ಲೇ, ಪಾಠಕ್ಕೆ ಒಬ್ಬರೇ. ಬೆಂಚು ಇರಲಿಲ್ಲ. ನಾವೆಲ್ಲ ಮನೆಯಿಂದ ಒಂದೊಂದು ಖಾಲಿ ಗೊಬ್ಬರದ ಚೀಲ ಮಡಚಿಕೊಂಡು ಬರುತ್ತಿದ್ದೆವು. ಅದನ್ನು ಹಾಸಿದ ಕಡೆ ನಮ್ಮ ಜಾಗ. ಟೀಚರಮ್ಮನಿಗಿಂತ ಮೊದಲಿದ್ದ ಮೇಷ್ಟ್ರು ಯಾರು ಎಲ್ಲಿ ಹಾಸಬೇಕೆಂದು ಬೆತ್ತದ ತುದಿಯಿಂದ ತೋರಿಸುತ್ತಿದ್ದರು. ಮೇಲ್ಬೀದಿಯ ಮಕ್ಕಳು ಕರಿಹಲಗೆಯ ಮುಂದೆ, ನಡುಬೀದಿಯವರು ಅವರ ಹಿಂದೆ, ಊರ ಹೊರಗಿನ ಕಾಲೋನಿಯ ನಾವು ಬಾಗಿಲ ಹತ್ತಿರ, ಎಲ್ಲರೂ ಚಪ್ಪಲಿ ಬಿಡುವ ಕಡೆ.

ಅಪ್ಪ ಅವ್ವ ಇಬ್ಬರೂ ಕೂಲಿಯವರು. ಆ ಕಾಲೋನಿಯಿಂದ ಹೋಗಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಪುಕ್ಕಟೆ ಬಂದದ್ದಲ್ಲ ಅದು.

ಟೀಚರಮ್ಮನ ಊರು ಹಿಂದೂಪುರ. ಗಂಡ, ಮಗ ಅಲ್ಲೇ. ಅವರು ವಾರವೆಲ್ಲ ಕಲ್ಯಾಣದುರ್ಗದಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದು ಬೆಳಗಿನ ಬಸ್ಸಿಗೆ ನಮ್ಮೂರಿಗೆ ಬರುತ್ತಿದ್ದರು. ಬಸ್ಸು ತಡವಾದರೆ ಶಾಲೆಯೂ ತಡ. ಇಳಿದವರೇ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡು ನಡಿಗೆಯಲ್ಲಿ ಬರುತ್ತಿದ್ದರು. ಸೀಮೆಸುಣ್ಣವನ್ನು ಕೂದಲ ಕೊಪ್ಪಿನೊಳಗೆ ಸಿಕ್ಕಿಸಿಕೊಂಡು, ಆಮೇಲೆ ಯಾವನ್ ತಗೊಂಡ ನನ್ನ ಚಾಕ್‌ಪೀಸು ಎಂದು ಇಡೀ ಕೋಣೆಯನ್ನು ಗದರಿಸುತ್ತಿದ್ದರು. ಹೇಳುವ ಧೈರ್ಯ ನಮಗಿಲ್ಲ. ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಡುತ್ತಾ ತಾವು ಮಾತ್ರ ಮೂಡು, ಆರು, ತೊಮ್ಮಿದಿ ಎಂದು ತೆಲುಗಿನಲ್ಲಿ ಎಣಿಸುತ್ತಿದ್ದರು. ಕೋಪವೂ ತೆಲುಗಿನಲ್ಲೇ ಬರುತ್ತಿತ್ತು. ಪದ್ಯ ಹಾಡಿದರೆ ಯಾವ ರಾಗಕ್ಕೂ ಸೇರುತ್ತಿರಲಿಲ್ಲ. ಉಗುರು ಕತ್ತರಿಸದೆ ಬಂದವರ ಕೈ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು, ನನಗೂ ಬಿದ್ದಿದೆ. ದೇವತೆಯಂಥವರು ಎಂದೆಲ್ಲ ಬರೆದರೆ ಅವರೇ ನಗುತ್ತಾರೆ.

ಅವರು ಬಂದ ಮೊದಲನೇ ದಿನ ಬಾಗಿಲಲ್ಲೇ ನಿಂತು, ಎಲ್ಲಿ ಇಷ್ಟವೋ ಅಲ್ಲಿ ಹಾಸ್ಕೊಳ್ಳಿ ಎಂದರು. ಹೇಳಿ ವರಾಂಡಕ್ಕೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಸದ್ದು ಅಡಗಿದ ಮೇಲೆ ಒಳಗೆ ಬಂದು, ಆಯ್ತಾ, ಎಲ್ಲರಿಗೂ ಜಾಗ ಇಷ್ಟವಾಯ್ತಾ ಎಂದು ಕೇಳಿದರು. ಆಯ್ತು ಟೀಚರ್ ಎಂದು ಒಂದೇ ದನಿಯಲ್ಲಿ ಕೂಗಿದೆವು. ಅವರಿಗೂ ಖುಷಿ. ಎಷ್ಟೋ ವಾರ ಹಾಗೇ ನಡೆಯಿತು.

ನನಗೆ ಇಷ್ಟವಾದ ಜಾಗ ಬೇರೆಯೇ ಇತ್ತು. ಹಲಗೆಯ ಎಡಕ್ಕೆ ಒಂದು ಕಿಟಕಿ. ಅದರ ಕೆಳಗೆ ಕೂತರೆ ದಾರಿ ಕಾಣುತ್ತಿತ್ತು, ದಾರಿಯ ತಿರುವು ಕಾಣುತ್ತಿತ್ತು, ಕಲ್ಯಾಣದುರ್ಗದ ಬಸ್ಸು ಧೂಳೆಬ್ಬಿಸಿಕೊಂಡು ಆ ತಿರುವಿನಲ್ಲಿ ಬರುವುದು ಕಾಣುತ್ತಿತ್ತು. ಕಸ ಗುಡಿಸುವ ಸರದಿ ಬಂದಾಗ ನಾನು ಅಲ್ಲಿ ಪೊರಕೆ ಹಿಡಿದು ನಿಂತುಬಿಡುತ್ತಿದ್ದೆ. ಆದರೆ ಚೀಲ ಹಾಸುವಾಗ ಕಾಲು ತಾನಾಗಿ ಬಾಗಿಲ ಕಡೆಗೇ ಹೋಗುತ್ತಿತ್ತು. ಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕಡ್ಲೆಕಾಯಿ ಕೀಳುವ ಕಾಲದಲ್ಲಿ ನಾನು ಅವ್ವನ ಜೊತೆ ಕೂಲಿಗೆ ಹೋದೆ. ಶಾಲೆ ತಪ್ಪಿತು. ಒಂದು ಸಂಜೆ ಟೀಚರಮ್ಮ ಕೊನೇ ಬಸ್ಸಿಗೆ ಮೊದಲು ನಮ್ಮ ಮನೆಗೆ ಬಂದುಬಿಟ್ಟರು. ಕಾಲೋನಿಗೆ ಬರುವವರು ಬೇವಿನ ಮರದ ಹತ್ತಿರ ನಿಂತು ಹೆಸರು ಹಿಡಿದು ಕೂಗುವುದು ವಾಡಿಕೆ. ಇವರು ಹೊಸ್ತಿಲು ದಾಟಿ ಒಳಗೇ ಬಂದಿದ್ದರು. ಅವ್ವ ಕೈಯ ಮಣ್ಣು ಸೀರೆಗೆ ಒರೆಸಿಕೊಂಡು ಎದ್ದು ನಿಂತಳು.

"ಎಲ್ಲಿ ಕೂತ್ಕೊಳ್ಲಮ್ಮ?" ಎಂದರು ಟೀಚರಮ್ಮ.

"ವಸಿ ನಿಂತಿರ್ರಿ ಟೀಚರಮ್ಮ, ಆ ಕಡೆ ಮನೇಗೆ ಚೇರ್ ಐತೆ, ತರಿಸ್ತೀನಿ."

"ಚೇರ್ ಬ್ಯಾಡ ಕಣಮ್ಮ. ದಿನಾ ನೀನೆಲ್ಲಿ ಕೂತ್ಕೋತೀಯ?"

ಅವ್ವ ಒರಳುಕಲ್ಲಿನ ಪಕ್ಕ ಕೈ ತೋರಿಸಿದಳು. ಟೀಚರಮ್ಮ ಅಲ್ಲೇ ನೆಲಕ್ಕೆ ಕೂತರು, ಒರಳಿಗೆ ಒರಗಿ ಕಾಲು ಚಾಚಿದರು, ಉಸ್ ಎಂದರು. ಮಗಳನ್ನು ಶಾಲೆಗೆ ಕಳಿಸು ಎಂದು ಉಪದೇಶವನ್ನೇನೂ ಮಾಡಲಿಲ್ಲ. ನಾವು ಸುಟ್ಟಿದ್ದ ಹಸಿ ಕಡ್ಲೆಕಾಯಿ ಸುಲಿದು ತಿಂದರು, ಬಸ್ಸಿನ ಕಂಡಕ್ಟರನನ್ನು ಬೈದರು, ಎದ್ದು ಹೋದರು. ಅವ್ವ ಅಷ್ಟು ಹೊತ್ತೂ ನಿಂತೇ ಇದ್ದಳು. ಅವರು ಹೋದ ಮೇಲೆ ಒರಳಿನ ಪಕ್ಕದ ಆ ಸಿಪ್ಪೆಯನ್ನು ಗುಡಿಸಲು ನನಗೆ ಬಿಡಲಿಲ್ಲ; ಬೆಳಿಗ್ಗೆ ಗುಡಿಸಿದರಾಯ್ತು ಎಂದಳು.

ಕಾಲೋನಿಯಿಂದ ಬಸ್ಸು ನಿಲ್ಲುವ ಕಡೆಗೆ ಹೋಗಬೇಕಾದರೆ ಊರನ್ನೆಲ್ಲ ದಾಟಬೇಕು. ಆ ಸಂಜೆ ಟೀಚರಮ್ಮ ನಮ್ಮೂರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಬಾಗಿಲು ಬಾಗಿಲಲ್ಲೂ ಅವರ ಶಾಲೆಯ ಮಕ್ಕಳೇ ನಿಂತಿದ್ದರು. ಮರುದಿನ ಕೋಣೆಗೆ ಬಂದು ನಮ್ಮನ್ನು ಸಾಲು ಸಾಲಾಗಿ ನೋಡಿದರು. ಬಾಗಿಲಿಂದ ಹಲಗೆಯವರೆಗೆ, ಹಲಗೆಯಿಂದ ಬಾಗಿಲವರೆಗೆ. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಂಡಂತೆ ಅಂದರು:

"ನಾನು ನಿಮಗೆ ಜಾಗ ಬಿಟ್ಟೆ. ನೀವು ನಿಮ್ಮ ಊರನ್ನೇ ಮಡಚ್ಕೊಂಡು ಬಂದು ಇಲ್ಲಿ ಹಾಸಿದ್ದೀರಲ್ರೋ."

ನಮಗೆ ಅರ್ಥವಾಗಲಿಲ್ಲ. ಅವರು ಮೂರು ಕಾಲಿನ ಆ ಕರಿಹಲಗೆಯನ್ನು ಎತ್ತಿಕೊಂಡು ತಂದು ಬಾಗಿಲ ಪಕ್ಕ, ನಮ್ಮ ಮುಂದೆ, ನಿಲ್ಲಿಸಿದರು. ಇನ್ನು ಮೇಲೆ ಪಾಠ ಇಲ್ಲಿಂದ ಎಂದರು. ಈಗ ಕಾಲೋನಿಯವರೇ ಮುಂದಿನ ಸಾಲು. ಆಮೇಲೆ ನಾವು ಎದ್ದೆವು. ಯಾರೂ ಏಳಿ ಅಂದಿರಲಿಲ್ಲ. ನಾನು, ನನ್ನ ತಮ್ಮ, ನಮ್ಮ ಬೀದಿಯ ಉಳಿದವರು, ಎಲ್ಲರೂ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹಿಂದಿನ ಗೋಡೆಗೆ ಹೋಗಿ ಕೂತೆವು. ಮೇಲ್ಬೀದಿಯವರು ನಾವು ಬಿಟ್ಟ ಕಡೆ ಬಂದು ಹಾಸಿದರು. ಒಂದು ಮಾತಿಲ್ಲ, ಒಂದು ತಳ್ಳಾಟವಿಲ್ಲ. ಹಬ್ಬದ ಊಟಕ್ಕೆ ಪಂಕ್ತಿ ಬದಲಾಯಿಸಿದಷ್ಟು ಅಚ್ಚುಕಟ್ಟು.

ಟೀಚರಮ್ಮ ಹಲಗೆಯ ಕಡೆ ತಿರುಗಿ ನಿಂತರು. ಬಹಳ ಹೊತ್ತು ಅದರ ಮೇಲೆ ಏನೂ ಬರೆಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬೆತ್ತ ತೆಗೆದುಕೊಂಡು ನೀನು ಇಲ್ಲಿ, ನೀನು ಅಲ್ಲಿ ಎಂದು ಬೆರೆಸಿ ಕೂರಿಸುತ್ತಿದ್ದರೋ ಏನೋ. ಅವರು ಹಾಗೆ ಮಾಡಲಿಲ್ಲ. ಮಾರನೇ ದಿನ ಹಲಗೆಯನ್ನು ಹಳೇ ಜಾಗಕ್ಕೇ ಇಟ್ಟರು, ನಾವೂ ಬಾಗಿಲಿಗೆ ಮರಳಿದೆವು. ಆಮೇಲೆ ಅವರು ಬ್ಯಾಗಿನಿಂದ ತಮ್ಮದೂ ಒಂದು ಗೊಬ್ಬರದ ಚೀಲ ತೆಗೆದರು. ಕುರ್ಚಿಯ ಮೇಲೆ ಹಾಜರಿ ಪುಸ್ತಕ ಕೂತಿತು. ಅಂದಿನಿಂದ ದಿನಕ್ಕೊಬ್ಬರನ್ನು ಕರೆದು, ನಾನೆಲ್ಲಿ ಕೂತ್ಕೊಳ್ಲಿ ಎಂದು ಕೇಳುವುದು ರೂಢಿಯಾಯಿತು. ಆ ಮಗು ತೋರಿಸಿದ ಕಡೆ ಚೀಲ ಹಾಸಿ ಕೂತು ಓದಿಸುತ್ತಿದ್ದರು. ಎಲ್ಲರೂ ತಮ್ಮ ಪಕ್ಕಕ್ಕೇ ಕರೆಯುತ್ತಿದ್ದರು. ನನ್ನ ಸರದಿ ಬಂದಾಗ ನಾನು ಕಿಟಕಿ ತೋರಿಸಿದೆ.

"ಅಲ್ಲಿಗಾ? ನಿನ್ನ ಪಕ್ಕ ಬ್ಯಾಡ್ವಾ?"

ಅವರು ಹೋಗಿ ಕಿಟಕಿ ಕೆಳಗೆ ಕೂತರು, ಹೊರಗೆ ನೋಡಿದರು, ತಿರುವಿನ ಕಡೆ ಕತ್ತು ಚಾಚಿದರು. ಓ, ಇಲ್ಲಿಂದ ಬಸ್ಸು ಕಾಣ್ತದೆ ಎಂದರು. ಆಮೇಲೆ ನನ್ನ ಕಡೆ ನೋಡದೆ ಒಂದಷ್ಟು ಸರಿದು ಕೂತರು. ಕಿಟಕಿಯ ಅರ್ಧ ಅವರಿಗೆ, ಅರ್ಧ ಖಾಲಿ. ಅದು ನನಗೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಲ್ಲಿಂದಾಚೆಗೆ ಯಾರೂ ಕರೆಯದ ದಿನ ಅವರು ಅಲ್ಲೇ ಹೋಗಿ ಕೂರುತ್ತಿದ್ದರು, ಹಾಗೇ ಅರ್ಧ ಬಿಟ್ಟು. ನಾಳೆ ಹೋಗ್ತೀನಿ ಎಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ. ರಾತ್ರಿ ಮಲಗುವಾಗ ಹೋಗಿ ಕೂತೇಬಿಟ್ಟಿರುತ್ತಿದ್ದೆ. ಬೆಳಿಗ್ಗೆ ಚಪ್ಪಲಿಗಳ ಪಕ್ಕ.

ಆದರೆ ದೊಡ್ಡವರು ಅಲ್ಲಾಡದಿದ್ದರೂ ಒಂದನೇ ಕ್ಲಾಸಿನ ಚಿಕ್ಕವು ಅಲ್ಲಾಡಿದವು. ಅವಕ್ಕೆ ಟೀಚರಮ್ಮ ಕೂತ ಕಡೆ ಹೋಗಿ ಬೀಳುವುದೇ ಆಟ. ಅವುಗಳಲ್ಲಿ ಒಬ್ಬ ಮೇಲ್ಬೀದಿಯ ದೊಡ್ಡ ಯಜಮಾನರ ಮೊಮ್ಮಗ. ಒಂದು ದಿನ ಬಾಗಿಲ ಹತ್ತಿರ ಬಂದು ನನ್ನ ತಮ್ಮನ ಪಕ್ಕ ಹಾಸಿದವನು ಆಮೇಲೆ ಅಲ್ಲಿಂದ ಏಳಲೇ ಇಲ್ಲ. ಸುದ್ದಿ ಮನೆ ಮುಟ್ಟಿತು. ಯಜಮಾನರು ಬಂದರು. ಕೆಟ್ಟ ಮನುಷ್ಯರಲ್ಲ, ಶಾಲೆಯ ಸೂರು ಸೋರಿದಾಗ ಹೆಂಚು ಹಾಕಿಸಿದ್ದು ಅವರೇ. ವರಾಂಡದಲ್ಲಿ ನಿಂತು ಸಮಾಧಾನದಿಂದಲೇ ಮಾತಾಡಿದರು.

"ನೀವು ಪಾಠ ಚೆನ್ನಾಗಿ ಹೇಳ್ಕೊಡ್ತೀರ ಟೀಚರಮ್ಮ, ಇಲ್ಲ ಅನ್ನಕಿಲ್ಲ. ಆದ್ರೆ ಹುಡುಗ್ರನ್ನ ಎಲ್ಲೆಲ್ಲೋ ಕೂರಿಸ್ಬುಟ್ರೆ ನಾವು ಊರಾಗೆ ಓಡಾಡೋದು ಹೆಂಗೆ?"

"ನಾನು ಯಾರನ್ನೂ ಎಲ್ಲೂ ಕೂರ್ಸಿಲ್ಲ ಯಜಮಾನ್ರೇ. ನಿಮ್ಮ ಮೊಮ್ಮಗನ್ನೇ ಕೇಳಿ."

ಯಜಮಾನರು ಕೇಳಿದರು. ಹುಡುಗ ಎದ್ದು ನಿಂತು, "ಇಲ್ಲಿ ಗಾಳಿ ಬತ್ತದೆ ತಾತ. ಮೇಕೆ ಕಾಣ್ತವೆ," ಅಂದ. ಕೋಣೆಯಲ್ಲಿ ಕೆಲವರು ನಕ್ಕರು. ಯಜಮಾನರು ನಗಲಿಲ್ಲ. ಮೊಮ್ಮಗನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಅವನ ಚೀಲ ಬಾಗಿಲಲ್ಲೇ ಉಳಿಯಿತು.

ಅದಾದ ಮೇಲೆ ಏನು ನಡೆಯಿತು, ಯಾರು ಯಾರ ಹತ್ತಿರ ಹೋದರು, ಮಕ್ಕಳಾದ ನಮಗೆ ತಿಳಿಯಲಿಲ್ಲ. ಒಂದು ಶನಿವಾರ ಟೀಚರಮ್ಮ ಎಲ್ಲರ ತಲೆ ಬಾಚಿದರು, ಸ್ಕೇಲು ಮುಟ್ಟಲಿಲ್ಲ. ರಾಗವಿಲ್ಲದ ಆ ದನಿಯಲ್ಲಿ ಪದ್ಯ ಹಾಡಿದರು. ಹೋಗುವಾಗ ತಮ್ಮ ಚೀಲವನ್ನು ಬ್ಯಾಗಿಗೆ ಹಾಕಿಕೊಳ್ಳದೆ ಕಿಟಕಿ ಕೆಳಗೇ ಬಿಟ್ಟು ಹೋದರು. ಮರೆತರು ಅಂದುಕೊಂಡೆ.

ಆ ಭಾನುವಾರ ನನಗೆ ಎಲ್ಲಿಂದ ಧೈರ್ಯ ಬಂತೋ. ಪಾಪ, ಚೀಲ ಬೇರೆ ಬಿಟ್ಟು ಹೋಗಿದ್ದಾರೆ, ಅದರ ಪಕ್ಕ ನನ್ನದು ಹಾಸಿದರಾಯಿತು, ಅವರು ಬಸ್ಸಿಳಿದು ಬರುವಾಗ ಕಿಟಕಿಯಲ್ಲಿ ನನ್ನ ಮುಖ ಕಾಣಬೇಕು, ಅಷ್ಟೇ. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಕೂತೆ. ಮೇಲ್ಬೀದಿಯವರು ಬಂದರು, ನೋಡಿದರು, ಒಬ್ಬಳು ಏನೋ ಗೊಣಗಿದಳು, ನಾನು ಕಿಟಕಿಯ ಕಂಬಿ ಹಿಡಿದುಕೊಂಡಿದ್ದೆ. ತಿರುವಿನಲ್ಲಿ ಧೂಳೆದ್ದಿತು. ಬಸ್ಸು ಬಂತು, ನಿಂತಿತು. ಒಬ್ಬ ಗಂಡಸು ಕೈಚೀಲ ಹಿಡಿದು ಇಳಿದರು. ಬಸ್ಸು ಹೋಯಿತು. ನಾನು ಬಸ್ಸಿನ ಹಿಂದೆಯೂ ನೋಡಿದೆ.

ಹೊಸ ಮೇಷ್ಟ್ರು ಒಳಗೆ ಬಂದು ನಮ್ಮ ಗಲಾಟೆ ಕಂಡು, ಎಲ್ಲರೂ ಅವರವರ ಜಾಗಕ್ಕೆ ಹೋಗ್ರಿ ಎಂದರು. ಅಷ್ಟೇ ಹೇಳಿದ್ದು. ಅವರಿಗೆ ನಮ್ಮೂರೇ ಗೊತ್ತಿರಲಿಲ್ಲ. ನನ್ನ ಜಾಗ ಯಾವುದೆಂದು ಅವರಿಗೆ ಹೇಗೆ ಗೊತ್ತಾಗಬೇಕು. ನನಗೆ ಗೊತ್ತಿತ್ತು. ನಾನು ಎದ್ದು ಚೀಲ ಮಡಚಿಕೊಂಡು ಬಾಗಿಲಿಗೆ ಹೋದೆ.

ಟೀಚರಮ್ಮನನ್ನು ಕಲ್ಯಾಣದುರ್ಗದಿಂದಲೂ ಆಚೆಗಿನ ಯಾವುದೋ ಊರಿಗೆ ಹಾಕಿದ್ದರಂತೆ. ಹಿಂದೂಪುರಕ್ಕೆ ಹತ್ತಿರ ಕೇಳಿಕೊಂಡಿದ್ದವರಿಗೆ ಇನ್ನೂ ದೂರ.

ಮತ್ತೆ ಅವರನ್ನು ಕಂಡದ್ದು ನಾನು ಹಿಂದೂಪುರದಲ್ಲಿ ಡಿಗ್ರಿಗೆ ಸೇರಿದ ಮೇಲೆ. ಹಾಸ್ಟೆಲ್ಲಿನಲ್ಲಿದ್ದೆ. ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣಿನ ಚೌಕಾಸಿ ಮಾಡುತ್ತಿದ್ದ ದನಿ ಕೇಳಿ ತಿರುಗಿದೆ. ತೆಲುಗಿನಲ್ಲಿ ಕೋಪ ಮಾಡಿಕೊಂಡಿದ್ದರು. ಕೂದಲು ಬೆಳ್ಳಗಾಗಿತ್ತು, ಕೊಪ್ಪು ಚಿಕ್ಕದಾಗಿತ್ತು. ಹೆಸರು ಹೇಳಿದ ತಕ್ಷಣ ಕೈ ಹಿಡಿದುಕೊಂಡು ಮನೆಗೆ ಎಳೆದುಕೊಂಡು ಹೋದರು. ಬಾಗಿಲಲ್ಲಿ ಅದೇ ಪ್ರಶ್ನೆ. ಮಾರ್ಕ್ಸ್ ಎಷ್ಟು ಎಂದು ಕೇಳಲಿಲ್ಲ, ಕಾಲೇಜಿನಲ್ಲಿ ಯಾವ ಬೆಂಚು ಎಂದು ಕೇಳಿದರು. ಮೊದಲನೇದು ಎಂದೆ. ಸುಮ್ಮನೆ ಕೆನ್ನೆ ಸವರಿದರು. ಆಮೇಲೆ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಮಂಡಕ್ಕಿಯ ಉಗ್ಗಾಣಿ ಮಾಡಿ ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಅವರೇ ಆ ಮಾತು ಎತ್ತಿದರು. "ಆ ಕಿಟಕಿಗೆ ನೀನು ಕೊನೆಗೂ ಬರ್ಲಿಲ್ಲ ಅಲ್ವೇನೇ," ಎಂದರು. ದನಿಯಲ್ಲಿ ದೂರಿರಲಿಲ್ಲ. ಇಷ್ಟು ವರ್ಷ ಅವರು ಅದನ್ನು ಸೋತ ಲೆಕ್ಕಕ್ಕೆ ಬರೆದುಕೊಂಡಿದ್ದರು.

"ಬಂದಿದ್ದೆ ಟೀಚರ್."

"ಯಾವತ್ತು?"

"ನೀವು ಬರದೇ ಇದ್ದ ಸೋಮವಾರ."

ಅವರು ತಟ್ಟೆ ಕೆಳಗಿಟ್ಟರು. "ಬಸ್ಸು ಕಾಣ್ತಾ?"

"ಕಾಣ್ತು. ನೀವು ಇಳೀಲಿಲ್ಲ."

ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಹೊಸ ಮೇಷ್ಟ್ರ ಒಂದೇ ಮಾತಿಗೆ ನಾನು ಎದ್ದು ಹೋದದ್ದನ್ನೂ ಹೇಳಿದೆ. ನೀವೇ ಒಂದು ಮಾತು ಹೇಳಿ ಕೂರಿಸಿದ್ದರೆ ನಾನು ಮೊದಲೇ ಬರುತ್ತಿದ್ದೆನಲ್ಲ ಎಂದೂ ಕೇಳಿಬಿಟ್ಟೆ. ಬಹಳ ದಿನದಿಂದ ಹೊಟ್ಟೆಯಲ್ಲಿದ್ದ ಸಿಟ್ಟು ಅದು.

"ನೀನು ಬತ್ತಿದ್ದೆ. ಆದ್ರೆ ಅದು ನಾನು ಕೂರ್ಸಿದ ಜಾಗ ಆಗ್ತಿತ್ತು ಕಣೇ," ಎಂದರು. ತಟ್ಟೆ ಮತ್ತೆ ಎತ್ತಿಕೊಂಡು, "ಎದ್ದಿದ್ದಕ್ಕೆ ಬೇಜಾರು ಮಾಡ್ಕೋಬ್ಯಾಡ. ನನಗೂ ಏಳು ಅಂದ್ರು. ನಾನೂ ಎದ್ದು ಬಂದ್ನಲ್ಲ."

ಈಗ ನಾನೂ ಕಲ್ಯಾಣದುರ್ಗದ ಹತ್ತಿರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಡೆಸ್ಕುಗಳು ಬಂದಿವೆ. ಹಲಗೆಯ ಬದಲು ಗೋಡೆಗೆ ಬಿಗಿದ ದೊಡ್ಡ ಟಿವಿ ಇದೆ. ಅದನ್ನು ಎತ್ತಿ ಇನ್ನೊಂದು ಕಡೆ ಇಡಲು ಬರುವುದಿಲ್ಲ. ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ ಅನ್ನುತ್ತೇನೆ, ವರಾಂಡಕ್ಕೆ ಹೋಗಿ ಬೆನ್ನು ಮಾಡಿ ನಿಲ್ಲುತ್ತೇನೆ. ಆಮೇಲೆ ತಿರುಗಿ ನೋಡುತ್ತೇನೆ. ಕೆಲವು ದಿನ ಚೆನ್ನಾಗಿರುತ್ತದೆ. ಕೆಲವು ದಿನ ಆ ಊರು, ಅದರ ಬೀದಿಗಳ ಸಮೇತ, ಡೆಸ್ಕುಗಳ ಮೇಲೆ ಬಂದು ಕೂತಿರುತ್ತದೆ. ಅಂಥ ದಿನ ಸಂಜೆ ಅವರಿಗೆ ಫೋನ್ ಮಾಡುತ್ತಿದ್ದೆ. ಅವರು ಸಲಹೆ ಕೊಡುತ್ತಿರಲಿಲ್ಲ. ಇವತ್ತು ನೀನೆಲ್ಲಿ ಕೂತಿದ್ದೆ ಎಂದು ಕೇಳುತ್ತಿದ್ದರು.

ಅವರ ಮಗ ಫೋನ್ ಮಾಡಿದ ಬೆಳಿಗ್ಗೆ ನಾನು ಊರಿನಲ್ಲಿದ್ದೆ. ಅವ್ವ ತಾನೂ ಬರುತ್ತೇನೆ ಎಂದಳು. ಮೊಣಕಾಲು ನೋವು, ಎರಡು ಬಸ್ಸು ಬದಲಾಯಿಸಬೇಕು ಎಂದೆ. "ನೀ ಬ್ಯಾಡ ಅಂದ್ರೆ ಒಬ್ಳೇ ಹೋಯ್ತೀನಿ," ಎಂದಳು.

ಮನೆಯ ಮುಂದೆ ಶಾಮಿಯಾನ ಹಾಕಿ ಕುರ್ಚಿ ಜೋಡಿಸಿದ್ದರು. ಮೇಷ್ಟ್ರುಗಳು, ಯಾರ್ಯಾರೋ ಆಫೀಸಿನವರು ಕೂತಿದ್ದರು. ಒಳಗೆ, ಎಲ್ಲಿ ಕೂತ್ಕೋತೀರಿ ಎಂದು ಅವರು ಕೇಳುತ್ತಿದ್ದ ಅದೇ ಕೋಣೆಯಲ್ಲಿ, ಸೋಫಾ ಮಂಚ ಎಲ್ಲ ತೆಗೆದು ಅವರನ್ನು ನೆಲದ ಮೇಲೆ ಮಲಗಿಸಿದ್ದರು. ತಲೆಯ ಕಡೆ ಮನೆಯ ಹೆಂಗಸರು. ನಾನು ಬಾಗಿಲವರೆಗೆ ಹೋಗಿ ನಿಂತೆ. ಕಾಲ ಸುತ್ತ ಎಲ್ಲರ ಚಪ್ಪಲಿಗಳು. ಕಾಲು ಮುಂದೆ ಬರಲಿಲ್ಲ. ಡಿಗ್ರಿ ಮಾಡಿದ ಕಾಲು, ಸಂಬಳದ ಕಾಲು, ಮೊದಲನೇ ಬೆಂಚಿನ ಕಾಲು. ಅಲ್ಲೇ ನಿಂತುಬಿಟ್ಟಿತು.

ಅವ್ವನಿಗೆ ಶಾಮಿಯಾನದ ಕೆಳಗೆ ಒಂದು ಕುರ್ಚಿ ಹುಡುಕೋಣವೆಂದು ತಿರುಗಿದರೆ ಅವ್ವ ಪಕ್ಕದಲ್ಲಿರಲಿಲ್ಲ. ಯಾರ ಮನೆಗೆ ಹೋದರೂ ಮೆಟ್ಟಿಲ ಮೇಲೇ ಕೂರುವ ನನ್ನವ್ವ ಒಳಗೆ ಹೋಗಿದ್ದಳು. ಹೆಂಗಸರನ್ನು ದಾಟಿ ನೇರ ತಲೆಯ ಹತ್ತಿರ ಹೋಗಿ ನಿಂತಿದ್ದಳು. ಅಲ್ಲಿದ್ದ ಒಬ್ಬರು ತಲೆ ಎತ್ತಿ ತೆಲುಗಿನಲ್ಲಿ, ನೀವು ಯಾರಮ್ಮ ಎಂದು ಕೇಳಿದರು.

"ಈಯಮ್ಮ ನಮ್ಮನೇಗೆ ಬಂದು ಕುಂತಿದ್ಲು ಕಣಮ್ಮ," ಎಂದಳು ಅವ್ವ. "ಅವತ್ತು ನಾನು ನಿಂತ್ಕಂಡೇ ಇದ್ದೆ. ಇವತ್ತು ಕುಂತ್ಕಂತೀನಿ."

ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತಳು. ಟೀಚರಮ್ಮನ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸವರಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಕಣ್ಣಿನಲ್ಲೇ ನನ್ನನ್ನು ಹುಡುಕಿದಳು. ಬಾ ಅನ್ನಲಿಲ್ಲ. ಒಂದಷ್ಟು ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು.

ನಾನು ಚಪ್ಪಲಿಗಳನ್ನು ದಾಟಿ ಒಳಗೆ ಹೋದೆ.